ಮಾವ ಹಿಡಿದ ಸೀಟು

ವಿಜಯನಗರದ ಛತ್ರವೊಂದರ ಮದುವೆಯೂಟದಲ್ಲಿ ಜಾಗ ಹಿಡಿಯಲು ನನ್ನ ಸೋದರಮಾವ ಎಸೆದ ಟವೆಲ್ಲು ಸಾರಿನ ಬಕೆಟ್ಟಿಗೆ ಬಿದ್ದಿತೋ, ಊಟಕ್ಕೆ ಕೂತಿದ್ದ ಬೀಗರ ತಲೆಯ ಮೇಲೆ ಬಿದ್ದಿತೋ, ಈಗ ನನಗೆ ಖಚಿತವಿಲ್ಲ. ತಲೆಯ ಮೇಲೇ ಎನ್ನುತ್ತದೆ ನೆನಪು. ಆದರೆ ನನ್ನ ನೆನಪಿಗೆ ಮಾವನ ಮೇಲೆ ಹಳೆಯ ಸಿಟ್ಟಿದೆ, ಅದರ ಸಾಕ್ಷಿಯನ್ನು ನಾನೇ ನಂಬುವುದಿಲ್ಲ. ಒಂದಂತೂ ನಿಜ: ಮೊದಲ ಪಂಕ್ತಿಯವರು ಪಾಯಸದಲ್ಲಿರುವಾಗಲೇ ಬೆನ್ನ ಹಿಂದೆ ನಿಂತು, "ಆಯ್ತಾ ಸಾರ್? ಮಜ್ಜಿಗೆ ಬೇಡ ಬಿಡಿ, ಹುಳಿ ಬಂದಿದೆ" ಎಂದು ಎಬ್ಬಿಸುವುದರಲ್ಲಿ ಅವರಿಗೆ ಸಮಾನರಿಲ್ಲ!

ಇಂಗ್ಲಿಷಿನಲ್ಲಿ ಅವರು ಪೂರ್ತಿ ನಂಬಿದ ಪದ ಒಂದೇ: ಸೀಟು. ಜಗತ್ತಿನಲ್ಲಿ ಸೀಟುಗಳು ಕಡಿಮೆ, ಕೂರುವವರು ಜಾಸ್ತಿ. ಉಳಿದ ತತ್ತ್ವಜ್ಞಾನವೆಲ್ಲ ಅವರಿಗೆ ಅನಗತ್ಯ. ಚುನಾವಣೆ ಬಂದಾಗ ನಾನು, "ಈ ಸಲ ಯಾರಿಗೆ ಎಷ್ಟು ಸೀಟ್ ಬರುತ್ತೆ ಮಾವ?" ಎಂದರೆ, "ಸೀಟ್ ತಾನಾಗೇ ಬರಲ್ಲ ಕಣೋ, ಹಿಡೀಬೇಕು" ಎನ್ನುವರು. ಚಂದ್ರಾ ಲೇಔಟಿನ ಟೈಲರ್ ಪ್ಯಾಂಟಿನ ಅಳತೆ ತೆಗೆಯುತ್ತ, "ಸೀಟ್ ಸ್ವಲ್ಪ ಲೂಸ್ ಇಡ್ಲಾ ಸಾರ್?" ಎಂದು ಕೇಳಿದಾಗ, "ಒಬ್ಬ ಕೂರೋಷ್ಟಿದ್ರೆ ಸಾಕಪ್ಪ!" ಎಂದಿದ್ದರು. ನನಗೆ ಪಿಎಚ್‌ಡಿ ಸೀಟು ಸಿಕ್ಕಿದ ದಿನ ನನ್ನ ಗೆಳೆಯರೆಲ್ಲರ ಎದುರು ವಿಚಾರಣೆ ನಡೆಯಿತು.

"ಎಷ್ಟ್ ವರ್ಷ ಕೂರ್ಬೇಕು?"

"ಐದಾರು ಆಗ್ಬಹುದು ಮಾವ."

"ಅಯ್ಯೋ! ಹಾಗಾದ್ರೆ ಕಿಟಕಿ ಪಕ್ಕದ್ದೇ ಹಿಡ್ಕೋ, ಮಗಾ."

ಗೆಳೆಯರು ನಕ್ಕರು. ನಾನು ಚಪ್ಪಲಿ ನೋಡುತ್ತ ನಿಂತೆ. ಇಂಥವರನ್ನು ಸೋದರಮಾವ ಎಂದು ಪರಿಚಯಿಸುವುದು ಹೇಗೆ, ನೀವೇ ಹೇಳಿ?

ಈ ವರ್ಷ ಅಮ್ಮನಿಗೆ ರೇಡಿಯೇಷನ್ ಶುರುವಾಯಿತು. ನಮ್ಮ ಮನೆಯಲ್ಲಿ ಅದಕ್ಕೆ 'ಕರೆಂಟ್ ಕೊಡೋದು' ಎನ್ನುತ್ತಾರೆ. ಕಾರು ಹತ್ತಿದರೆ ಅಮ್ಮನಿಗೆ ವಾಂತಿ, ಆಟೋದ ಕುಲುಕಾಟಕ್ಕೆ ನೋವು. ದಿನಾ ಆಸ್ಪತ್ರೆಗೆ ಹೋಗಲು ಉಳಿದದ್ದು ಬಸ್ಸು. ಬ್ಯಾಡರಹಳ್ಳಿಯಿಂದ ಹೊರಡುವ ಬಸ್ಸು ನಮ್ಮ ಸ್ಟಾಪು ಮುಟ್ಟುವಾಗ ಬಾಗಿಲಲ್ಲೇ ಜನ ನೇತಾಡುತ್ತಿರುತ್ತಾರೆ. ಎರಡು ದಿನ ನಿಂತು ಹೋಗಿ ಬಂದ ಅಮ್ಮ, "ಸಾಕು ಕಣೋ, ಬದುಕಿದಷ್ಟು ದಿನ ಬದುಕ್ತೀನಿ. ಇನ್ನು ಹೋಗಲ್ಲ" ಎಂದು ಮಲಗಿಬಿಟ್ಟರು. ನನ್ನ ಯಾವ ವಾದವೂ ನಡೆಯಲಿಲ್ಲ.

"ಅಕ್ಕಂಗೆ ಸೀಟ್ ನಾನ್ ತರ್ತೀನಿ," ಎಂದರು ಮಾವ.

ಮರುದಿನ ಬಸ್ಸು ಬಂತು. ಕಿಟಕಿಯಿಂದ ಮಾವನ ತಲೆ ಹೊರಗೆ! "ದಾರಿ ಬಿಡ್ರೀ, ಸೀಟ್ ಓನರ್ ಬರ್ತಾ ಇದಾರೆ!" ಇಡೀ ಸ್ಟಾಪು ನಮ್ಮನ್ನೇ ನೋಡಿತು. ಅಮ್ಮನನ್ನು ಹತ್ತಿಸಿ, ಯಾರೋ ಅಪರಿಚಿತರಿಗಾಗಿ ಬಸ್ಸಿಗೆ ಕೈ ಅಡ್ಡ ಹಿಡಿದವನಂತೆ ಹಿಂದೆ ಸರಿದೆ. ಅಮ್ಮ ಮಾತ್ರ ರಾಣಿಯಂತೆ ಕೂತು ಹೋದರು. ಅಂದಿನಿಂದ ಒಂದು ದಿನವೂ ತಪ್ಪಿಸಲಿಲ್ಲ.

"ಪಾಪ, ನಿನ್ ಮಾವ ಬ್ಯಾಡರಹಳ್ಳಿಯಿಂದ ನಿಂತ್ಕೊಂಡೇ ಬರ್ತಾನಂತೆ" ಎಂದು ಅಮ್ಮ ಹೇಳಿದಾಗ ನಾನು ನಂಬಲಿಲ್ಲ. ಸೀಟು ಕಂಡರೆ ಹಾರುವ ಮನುಷ್ಯ, ಖಾಲಿ ಸೀಟಿನ ಎದುರು ನಿಲ್ಲುವುದೇ? ಸಾಧ್ಯವೇ ಇಲ್ಲ! ಪರೀಕ್ಷಿಸಲೆಂದು ಒಂದು ಬೆಳಗ್ಗೆ ಬ್ಯಾಡರಹಳ್ಳಿಗೇ ಹೋಗಿ ಬಸ್ಸು ಹತ್ತಿದೆ. ಬಸ್ಸು ಮುಕ್ಕಾಲು ಪಾಲು ಖಾಲಿ. ಮಾವ ಒಂದು ಸೀಟಿಗೆ ಎರಡೂ ಕೈ ಅಡ್ಡ ಇಟ್ಟು ನಿಂತಿದ್ದರು.

"ಯಾಕ್ ಮಾವ, ನಮ್ ಸ್ಟಾಪ್ ಬರೋವರೆಗಾದ್ರೂ ಕೂತ್ಕೊಳಿ."

"ಥೂ, ಓದಿದ್ದೆಲ್ಲಾ ದಂಡ ಕಣೋ! ಕರೆಂಟ್ ಕೊಟ್ಟೂ ಕೊಟ್ಟೂ ಅಕ್ಕನ ಮೈಯೆಲ್ಲ ಉರೀತಾ ಇದೆ. ನಾನ್ ಬೇರೆ ಕೂತು ಸೀಟ್ ಬಿಸಿ ಮಾಡ್ಲಾ?"

ನಾನೂ ಪಕ್ಕದಲ್ಲೇ ಕಂಬಿ ಹಿಡಿದು ನಿಂತೆ. ಜನ ತುಂಬಿಕೊಂಡರು, ನೂಕಿದರು, ಬೈದರು. ಮಾವ ಕದಲಲಿಲ್ಲ. ನಮ್ಮ ಸ್ಟಾಪಿನಲ್ಲಿ ಅಮ್ಮ ಮೆಟ್ಟಿಲು ಹತ್ತುತ್ತಿರುವಾಗ, ಮಾವನಿಗೆ ಕಾಣದಂತೆ ನಾನು ಸೀಟಿನ ಮೇಲೆ ಅಂಗೈ ಇಟ್ಟು ನೋಡಿದೆ.

ತಣ್ಣಗಿತ್ತು.