ಖಾಲಿ ಬಿಡಬಾರದ ಕಾಲಂ

ರುದ್ರಾರಾಧ್ಯರು ಕಟ್ಟಿದ ಹೊಸ ಯಂತ್ರ ನಡುಮನೆಯಲ್ಲಿ ನಿಂತು ಅವರ ಹೆಂಡತಿ ಸರ್ವಮಂಗಳಮ್ಮನಿಗೆ ಕೈಮುಗಿಯಿತು. ಅತಿಥಿ ಬಂದರೆ ಬಾಗಿಲು ತೆಗೆದು, ಕೂರಿಸಿ, ಕಾಫಿ ಕೊಟ್ಟು, ನಾಲ್ಕು ಮಾತಾಡಿ ಬೀಳ್ಕೊಡುತ್ತದಂತೆ. ಮನೆಯವರ ಮಾತು ಕೇಳಿ ಕೇಳಿಯೇ ಅದು ಮಾತು ಕಲಿತದ್ದು. ಐಟಿಐ ಮೇಷ್ಟರಾಗಿ ನಿವೃತ್ತರಾದವರು ಯಂತ್ರದ ಎದೆಯ ಮೇಲಿನ ಪರದೆಯನ್ನು ತೋರಿಸಿದರು.

"ನೋಡೇ, ಇದು ಸೆಟ್ಟಿಂಗ್ಸ್. ಎಷ್ಟು ಅಂತ ಕೇಳಿದ ಕಡೆ ಅಂಕಿ ಬರಿ. ಮಿಕ್ಕದ್ದರಲ್ಲಿ, ಬೇಕಾದರೆ ಏನಾದರೂ ಬರಿ, ಬೇಡವಾದರೆ ಖಾಲಿ ಬಿಡು."

ಖಾಲಿ ಬಿಡುವುದೇ! ಸರ್ವಮಂಗಳಮ್ಮನಿಗೆ ಮೈ ಉರಿಯಿತು. ತಾಲ್ಲೂಕು ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಅವರ ಮೇಜು ದಾಟಿದ ಒಂದೇ ಒಂದು ಅರ್ಜಿಯಲ್ಲೂ ಖಾಲಿ ಕಾಲಂ ಇರಲಿಲ್ಲ. ಸ್ವಂತ ತಂಗಿ ಶಶಿಕಲಾಳ ವಾಸಸ್ಥಳ ಪತ್ರದ ಅರ್ಜಿಯನ್ನೂ ಬಿಟ್ಟವರಲ್ಲ. 'ಹಿಂದಿನ ವಿಳಾಸ, ಇದ್ದಲ್ಲಿ' ಎಂಬಲ್ಲಿ ಏನೂ ಬರೆದಿಲ್ಲವೆಂದು ವಾಪಸ್ ಕಳಿಸಿದರು. ಪತ್ರ ಸಿಗುವಷ್ಟರಲ್ಲಿ ಕೊನೆಯ ದಿನಾಂಕ ಕಳೆದು ತಂಗಿಗೆ ಟೀಚರ್ ಕೆಲಸ ತಪ್ಪಿತು. ಅಂದಿನಿಂದ ಆರು ವರ್ಷ ಮಾತಿಲ್ಲ. ಅಂಥ ತಂಗಿ ಈ ಸಂಜೆ ತಾನಾಗಿ ಬರುತ್ತೇನೆಂದು ಹೇಳಿಕಳಿಸಿದ್ದಳು. ಈ ಸಲ ಎಡವಟ್ಟಾದರೆ ಸಂಬಂಧ ಮುಗಿದಂತೆಯೇ ಎಂದು ಸರ್ವಮಂಗಳಮ್ಮನಿಗೆ ಗೊತ್ತಿತ್ತು.

ಗಂಡ ಸ್ನಾನಕ್ಕೆ ಹೋದದ್ದೇ ತಡ, ಕನ್ನಡಕ ಏರಿಸಿ ಕೂತರು. ಸಕ್ಕರೆ ಎಷ್ಟು ಚಮಚ? ರುಚಿಗೆ ತಕ್ಕಷ್ಟು. ಅತಿಥಿಯ ಬಗ್ಗೆ ಮನೆಯವರು ಆಡಿದ್ದನ್ನು ಹೇಳಬೇಕೆ? ಇಲ್ಲ. ಅತಿಥಿ ಹೊರಟರೆ ತಡೆಯಬೇಕೆ? ಇಲ್ಲ. ಎಲ್ಲ ಭರ್ತಿಯಾದ ಮೇಲೆ ಅಭ್ಯಾಸಬಲದಿಂದ ಕೆಳಗೊಂದು ಸಹಿಯನ್ನೂ ಎಳೆದರು.

ಗಂಡ ಸ್ನಾನದಿಂದ ಬರುವ ಮೊದಲೇ ಶಶಿಕಲಾ ಬಂದಳು. ಯಂತ್ರ ಕಾಫಿ ತಂದಿತು. 'ರುಚಿಗೆ ತಕ್ಕಷ್ಟು' ಎಂಬ ಅಂಕಿ ಅದಕ್ಕೆ ಎಲ್ಲೂ ಸಿಗದೆ ಡಬ್ಬಿಯಲ್ಲಿದ್ದಷ್ಟೂ ಸಕ್ಕರೆ ಸುರಿದಿತ್ತು. ಲೋಟದಲ್ಲಿ ಚಮಚ ನೆಟ್ಟಗೆ ನಿಂತಿತು. ತಂಗಿ ಪಾಪ, ನಕ್ಕು ಲೋಟ ಪಕ್ಕಕ್ಕಿಟ್ಟಳು. ಆಗ ಯಂತ್ರ ಗಂಟಲು ಸರಿಮಾಡಿಕೊಂಡಿತು.

"ಮನೆಯಾಕೆ ಹೇಳಿದ್ದು: ಶಶಿ ಮಾಡೋ ಒಬ್ಬಟ್ಟಿಗೆ ಸುತ್ತಿಗೆ ಬೇಕು. ಮನೆಯಾಕೆ ಹೇಳಿದ್ದು: ಅವಳ ಕೊಬ್ಬು ನೋಡು, ಆರು ವರ್ಷ ಆಯ್ತು."

ಶಶಿಕಲಾ ಬ್ಯಾಗು ಎತ್ತಿಕೊಂಡು ಬಾಗಿಲಿಗೆ ನಡೆದಳು. ಯಂತ್ರ ಓಡಿ ಹೋಗಿ ಚಿಲಕ ಹಾಕಿ, ಬಾಗಿಲಿಗೆ ಬೆನ್ನು ಕೊಟ್ಟು ನಿಂತಿತು. ಒದ್ದೆ ತಲೆಯಲ್ಲೇ ಓಡಿಬಂದ ರುದ್ರಾರಾಧ್ಯರು ಪರದೆ ನೋಡಿ ಹಣೆ ಚಚ್ಚಿಕೊಂಡರು. ಖಾಲಿ ಬಿಟ್ಟರೆ ಮಾತ್ರ ಬೇಡವೆಂದು, ಏನು ಬರೆದರೂ ಅದಕ್ಕೆ ಹೌದೆಂದೇ ಅರ್ಥವಂತೆ. ಇಲ್ಲ ಅಂತ ಬರೆದರೂ!

ಅಷ್ಟರಲ್ಲಿ ಯಂತ್ರ ಮುಂದುವರಿಸಿತು. "ಮನೆಯಾಕೆ ಹೇಳಿದ್ದು, ಒಗ್ಗರಣೆ ಹಾಕುವಾಗ, ಒಬ್ಬರೇ: ಆ ಅರ್ಜಿ ನಾನು ವಾಪಸ್ ಕಳಿಸಬಾರದಿತ್ತು. ತಪ್ಪು ನಂದೇ."

ಶಶಿಕಲಾ ಬ್ಯಾಗು ಕೆಳಗಿಟ್ಟಳು. "ಅಕ್ಕ, ಇದನ್ನ ನನ್ನ ಹತ್ರ ಹೇಳೋಕೆ ಏನಾಗಿತ್ತು ನಿಂಗೆ?"

ಸರ್ವಮಂಗಳಮ್ಮ ಸೆರಗಿನಿಂದ ಕಣ್ಣೊತ್ತಿಕೊಂಡರು. "ನಾಚಿಕೆ ಆಯ್ತು ಕಣೇ," ಎಂದರು.

ಬಾಗಿಲು ತೆಗೆಯಬೇಕಾದರೆ 'ತಡೆಯಬೇಕೆ' ಕಾಲಂ ಅಳಿಸು ಎಂದು ಗಂಡ ಗೋಗರೆದರು. ಸರ್ವಮಂಗಳಮ್ಮ ಅಳಿಸಿದರು. ಖಾಲಿ ಜಾಗ ಅವರನ್ನೇ ನೋಡುತ್ತಿತ್ತು. ಬೆರಳು ತಡೆಯಲಿಲ್ಲ, ಒಂದು ಸಣ್ಣ ಅಡ್ಡಗೆರೆ ಎಳೆದೇಬಿಟ್ಟರು. ಯಂತ್ರ ಎರಡನೇ ಚಿಲಕವನ್ನೂ ಹಾಕಿತು.

ಶಶಿಕಲಾ ಹತ್ತಿರ ಬಂದು ಪರದೆಯನ್ನು ಮೇಲಿಂದ ಕೆಳಗೆ ಓದಿದಳು.

"ನಿಧಾನಕ್ಕೆ ರಿಪೇರಿ ಮಾಡಿ ಭಾವ, ಊಟ ಮಾಡ್ಕೊಂಡೇ ಹೋಗ್ತೀನಿ," ಎಂದಳು. "ಅರ್ಜಿಯೇನೋ ಕ್ರಮಬದ್ಧವಾಗಿದೆ."