ಮಾಸ್ಟರು ಹೊಲಿದ ರಬ್ಬರ್ ಪಟ್ಟಿ

"ಒಂದೇ ಒಂದು ತಿಂಗಳು ಕೊಡು! ಈ ಹೊಟ್ಟೆ ಎಲ್ಲಿತ್ತು ಅಂತ ಜನ ಹುಡುಕಬೇಕು, ಹಾಗೆ ಮಾಡ್ತೀನಿ!"

ಟೈಲರ್ ಮಾಸ್ಟರು ಕನ್ನಡಿಯ ಮುಂದೆ ನಿಂತು ಘೋಷಿಸಿದರು. ಊರವರ ಸೊಂಟವನ್ನೆಲ್ಲ ಅಳೆದ ಟೇಪು ಆ ಬೆಳಿಗ್ಗೆ ಅಪ್ಪಿತಪ್ಪಿ ಯಜಮಾನರದ್ದನ್ನೇ ಅಳೆದಿತ್ತು. ಟೇಪು ಕುಗ್ಗಿದೆ ಎಂದು ತೀರ್ಮಾನಿಸಿ ಅವರು ಹೊಸ ಟೇಪು ತೆಗೆದರು. ಅದೂ ಕುಗ್ಗಿತ್ತು!

"ತಿಂಗಳು ಅಂದ್ರೆ ಕ್ಯಾಲೆಂಡರ್ ತಿಂಗಳಾ, ನಿಮ್ಮ ಅಂಗಡಿ ತಿಂಗಳಾ?" ಎಂದಳು ಹೆಂಡತಿ.

ಕೇಳಿದ್ದರಲ್ಲಿ ತಪ್ಪೇನಿಲ್ಲ. ಮನೆಯ ಮುಂದಿನ ಕೋಣೆಯೇ ಅಂಗಡಿ. ಅಲ್ಲಿ ಮಾಸ್ಟರ ಹೊಲಿಗೆಗಿಂತ ಅವರ ಒಂದು ಮಾತು ಹೆಚ್ಚು ಪ್ರಸಿದ್ಧ: "ಎಲ್ಲಾ ಆಗಿದೆ ಸಾರ್, ಕಾಜಾ ಗುಂಡಿ ಮಾತ್ರ ಬಾಕಿ. ನಾಳೆ ಬನ್ನಿ." ಈ ಮಾತು ಹೇಳುವಾಗ ಎಷ್ಟೋ ಸಲ ಬಟ್ಟೆಗೆ ಕತ್ತರಿಯೇ ಬಿದ್ದಿರುತ್ತಿರಲಿಲ್ಲ.

ಹೊಟ್ಟೆಯ ಸಂಹಾರಕ್ಕೆ ಮಾಸ್ಟರ ಕಣ್ಣಿಗೆ ಬಿದ್ದ ಆಯುಧ, ಬಾಗಿಲ ಹಿಡಿಗೆ ನೇತುಹಾಕಿದ್ದ ಹಸಿರು ರಬ್ಬರ್ ಪಟ್ಟಿ. ಅದು ಹೆಂಡತಿಯದು. ಕೆಲವು ತಿಂಗಳ ಹಿಂದೆ ಅವಳ ಬಲಭುಜ ಬಿಗಿದುಕೊಂಡು, ಕೈ ಮೇಲೇಳದಂತಾಗಿತ್ತು. ಫಿಸಿಯೋ ಡಾಕ್ಟರಮ್ಮ ಆ ಪಟ್ಟಿ ಕೊಟ್ಟು, ದಿನಾ ಮೆಲ್ಲಗೆ ಎಳೆಯಲು ಹೇಳಿದ್ದರು. ಕೈ ಏಳದಾದಂದಿನಿಂದ ಬೆಳಿಗ್ಗೆ ಎದ್ದರೆ ಜಡೆ ಹಾಕಿಸಿಕೊಳ್ಳಲು ಬಾಚಣಿಗೆ ಹಿಡಿದು ಪಕ್ಕದ ಮನೆ ಅಕ್ಕನ ಮುಂದೆ ಕೂರಬೇಕು. "ನನ್ನ ಜಡೆ ನಾನೇ ಹಾಕ್ಕೊಂಡ್ರೆ ಸಾಕು ಕಣ್ರೀ" ಎಂದು ಅವಳು ಎಷ್ಟೋ ಸಲ ಹೇಳಿದ್ದಳು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾಸ್ಟರು "ಹ್ಞೂ" ಎಂದಿದ್ದರು.

"ಅದನ್ನ ಮುಟ್ಟಬೇಡಿ. ನನ್ನ ಕೈಗೆ ತಕ್ಕಂತೆ ಕೊಟ್ಟಿರೋದು."

"ಎಲಾಸ್ಟಿಕ್ ವಿಷಯ ನನಗೇ ಹೇಳ್ತೀಯಾ? ಈ ಊರಿನ ಚಡ್ಡಿಗಳೆಲ್ಲ ಜಾರದೆ ನಿಂತಿರೋದು ಯಾರ ಕೈಗುಣ?"

ಅವಳು ತರಕಾರಿ ತರಲು ಹೋದದ್ದೇ ತಡ, ಮಾಸ್ಟರು ಪಟ್ಟಿ ಎಳೆದರು. ಅದು ಆರಾಮಾಗಿ ಹಿಂದೆ ಬಂತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮಾಸ್ಟರಿಗೆ ಪಟ್ಟಿಯೇ ಸಡಿಲವಾಗಿ ಕಂಡಿತು. ಸಡಿಲವಾದದ್ದಕ್ಕೆ ಟೈಲರ ಬಳಿ ಇರುವುದು ಒಂದೇ ಮದ್ದು: ಮಡಿಚಿ ಹೊಲಿ! ಅವರು ಪಟ್ಟಿಯ ತುದಿ ಮಡಿಚಿ ಮಿಷನ್ನಿಗೆ ಕೊಟ್ಟು, ಟಕಟಕನೆ ಡಬಲ್ ಹೊಲಿಗೆ ಹಾಕಿದರು. ಇರಲಿ ಎಂದು ಮೇಲೊಂದು ಹೊಲಿಗೆ. ಚಡ್ಡಿಯ ಎಲಾಸ್ಟಿಕ್ಕಿನಲ್ಲಿ ನೂಲಿರುತ್ತದೆ, ಸೂಜಿಯನ್ನು ತಡೆದುಕೊಳ್ಳುತ್ತದೆ. ಇದೋ ಬರೀ ರಬ್ಬರು. ಸೂಜಿ ಹೊಕ್ಕಲ್ಲೆಲ್ಲ ತೂತು ಉಳಿಯಿತು.

ಹೊಲಿದ ತುದಿಯನ್ನು ಬಾಗಿಲ ಹಿಡಿಗೆ ಸಿಕ್ಕಿಸಿ, ಮೀಸೆ ತಿರುವಿ, ಹಿಂದಕ್ಕೆ ಬಾಗಿ ಎಳೆದರು. ಪಟ್ಟಿ ಬಿಗಿಯಾಯಿತು. ಮಾಸ್ಟರ ಪಟ್ಟು ಅದಕ್ಕಿಂತ ಬಿಗಿಯಾಯಿತು. ಇನ್ನೊಂದು ಸ್ವಲ್ಪ... ಫಟ್!

ಪಟ್ಟಿ ಹರಿದು ಮೂಗಿಗೆ ಬಾರಿಸಿತು. ಮಾಸ್ಟರು ಹಿಂದಕ್ಕೆ ಹಾರಿ, ಗಿರಾಕಿಯ ಅರೆಹೊಲಿದ ಕೋಟು ತೊಟ್ಟಿದ್ದ ಗೊಂಬೆಯನ್ನು ತಬ್ಬಿಕೊಂಡು ನೆಲಕ್ಕೆ ಬಿದ್ದರು. ಇಸ್ತ್ರಿ ಮಾಡಿಟ್ಟ ಬಟ್ಟೆಗಳ ರಾಶಿ ಇಬ್ಬರ ಮೇಲೂ ಬಿತ್ತು!

ಅಷ್ಟರಲ್ಲಿ ಹೆಂಡತಿ ಬಂದಳು. ಬಟ್ಟೆಯೊಳಗೆ ಎರಡು ದೇಹ. ಹೊಟ್ಟೆ ನೋಡಿ ಗಂಡನ ಗುರುತು ಹಿಡಿದಳು.

"ಏನ್ರೀ ಇದು?"

"ಏನಿಲ್ಲ... ಸುಮ್ನೆ ಹೀಗೇ ಮಲಗಿದ್ದೆ." ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ!

ಅವಳು ನಗು ತಡೆಯಲಾರದೆ ಗೋಡೆ ಹಿಡಿದುಕೊಂಡಳು. ಆಮೇಲೆ ಹಸಿರು ತುಂಡು ಕಾಲಿಗೆ ಸಿಕ್ಕಿತು. ಎತ್ತಿಕೊಂಡು, ಹೊಲಿಗೆಯ ಗುರುತಿನ ಮೇಲೆ ಬೆರಳಾಡಿಸಿದಳು. ನಗು ನಿಂತುಹೋಯಿತು.

"ಇದನ್ನ ಹೊಲಿದ್ರಾ?"

"ಸಡಿಲ ಇತ್ತು ಕಣೇ..."

"ನನ್ನ ಕೈಗೆ ಸರಿಯಾಗಿತ್ತು." ಅವಳು ಬಲಗೈಯನ್ನು ಮೆಲ್ಲಗೆ ಎತ್ತಿದಳು. ಹಲ್ಲು ಕಚ್ಚಿಕೊಂಡು, ಕಿವಿ ದಾಟಿಸಿ, ಬೆರಳ ತುದಿಯನ್ನು ಜಡೆಯ ಬುಡಕ್ಕೆ ತಾಗಿಸಿದಳು. "ನಿನ್ನೆ ಇಲ್ಲೀವರೆಗೆ ಬಂತು. ಇವತ್ತು ನಿಮಗೆ ತೋರಿಸೋಣ ಅಂತಿದ್ದೆ."

ಬೈದಿದ್ದರೆ ಮಾಸ್ಟರಿಗೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಬೈಯಲಿಲ್ಲ, ತರಕಾರಿ ಎತ್ತಿಕೊಂಡು ಒಳಗೆ ಹೋದಳು. ಊರವರ ಭುಜಗಳನ್ನೆಲ್ಲ ಕಾಲು ಇಂಚೂ ತಪ್ಪದೆ ಅಳೆದವರಿಗೆ, ಮನೆಯಲ್ಲಿದ್ದ ಒಂದು ಭುಜ ಎಷ್ಟು ಮೇಲೇಳುತ್ತಿದೆ ಎಂಬುದೇ ಗೊತ್ತಿರಲಿಲ್ಲ. ಮಾಸ್ಟರಿಗೆ ನಾಚಿಕೆಯಾಯಿತು.

ಊದಿದ ಮೂಗು ಹೊತ್ತು, ಹೊಸ ಪಟ್ಟಿಗಾಗಿ ಡಾಕ್ಟರಮ್ಮನ ಬಳಿ ಓಡಿದರು.

"ಹಸಿರು ಖಾಲಿಯಾಗಿದೆ ಮಾಸ್ಟ್ರೇ. ಗಟ್ಟಿದು ಕೊಟ್ರೆ ಅವರ ಭುಜ ತಡೆಯಲ್ಲ. ನಾಳೆ ಬನ್ನಿ."

ನಾಳೆ! ಆ ಮಾತು ಕೇಳುವವನ ಕಿವಿಗೆ ಹೇಗಿರುತ್ತದೆ ಎಂಬುದು ಅವರಿಗೆ ಅಂದೇ ಗೊತ್ತಾದದ್ದು.

ಮರುದಿನ ಬೆಳಿಗ್ಗೆ ಹೆಂಡತಿ ಬಾಚಣಿಗೆ ಹಿಡಿದು ಪಕ್ಕದ ಮನೆಗೆ ಹೊರಟಾಗ ಮಾಸ್ಟರು ಅಡ್ಡ ನಿಂತರು. "ಕೊಡಿಲ್ಲಿ. ಇನ್ಮೇಲೆ ನಾನೇ ಹಾಕ್ತೀನಿ." ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅವಳನ್ನು ಕನ್ನಡಿಯ ಮುಂದೆ ಕೂರಿಸಿ, ನೋಯದಂತೆ ಸಿಕ್ಕು ಬಿಡಿಸಿ, ಮೂರು ಎಳೆ ಮಾಡಿ, ಉಸಿರು ಬಿಗಿಹಿಡಿದು ಹೆಣೆದರು. ಜಡೆ ಒಂದು ಪಕ್ಕಕ್ಕೆ ವಾಲಿತು.

ಅವಳು ಎಡಗೈಯಿಂದ ಜಡೆ ಮುಟ್ಟಿ ನೋಡಿಕೊಂಡಳು.

"ಸಿಟ್ಟು ಹೋಯ್ತೇನೇ?" ಮಾಸ್ಟರು ಬಾಚಣಿಗೆ ಹಿಡಿದುಕೊಂಡೇ ಕೇಳಿದರು.

ಅವಳು ಕನ್ನಡಿಯೊಳಗಿಂದಲೇ ಗಂಡನ ಕೆಂಪು ಮೂಗು ನೋಡಿದಳು.

"ಎಲ್ಲಾ ಹೋಗಿದೆ ಸಾರ್. ಕಾಜಾ ಗುಂಡಿ ಮಾತ್ರ ಬಾಕಿ. ನಾಳೆ ಬನ್ನಿ!"