ಹಿಮಾಲಯದಿಂದ ಬಂದ ಪಾಂಡವರು

ಮನೆಗೆ ಬಂದವರ ಚೀಲ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಕದಿಯುವ ಗುಣವಲ್ಲ, ದೇವರಾಣೆ. ಒಳಗೇನಿದೆ ಎಂದು ನೋಡದಿದ್ದರೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ, ಅಷ್ಟೇ. ಒಮ್ಮೆ ಬೀಗರ ಚೀಲಕ್ಕೆ ಕೈಹಾಕಿ, ಅವರ ಹಲ್ಲಿನ ಸೆಟ್ಟಿನಿಂದ ಬೆರಳು ಕಚ್ಚಿಸಿಕೊಂಡ ಮೇಲೂ ಬುದ್ಧಿ ಬಂದಿಲ್ಲ. ಇದೆಲ್ಲ ಗೊತ್ತಿದ್ದೂ ಅಕ್ಕನ ಮಗಳು ಶಿವಲೀಲಾ ಸುರಪುರದ ನಮ್ಮ ಮನೆಯಲ್ಲಿ ಭಾರದ ಚೀಲವೊಂದನ್ನು ಇಟ್ಟು, "ಮಾಮಾ, ಇದನ್ನ ಮುಟ್ಟಬ್ಯಾಡ್ರಿ" ಎಂದು ಹೇಳಿ ಗೆಳತಿಯನ್ನು ನೋಡಲು ಯಾದಗಿರಿಗೆ ಹೋದಳೆಂದರೆ, ಅರ್ಧ ತಪ್ಪು ಅವಳದೇ.

ಮರುದಿನ ಎಳ್ಳಮಾಸೆ. ಆ ದಿನ ನಮ್ಮ ಕಡೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಐದು ಕಲ್ಲಿಟ್ಟು, ಸುಣ್ಣ ಬಳಿದು, ಪಾಂಡವರೆಂದು ಪೂಜಿಸಿ, ಸಜ್ಜಿರೊಟ್ಟಿ, ಭಜ್ಜಿ ನೈವೇದ್ಯ ಮಾಡುತ್ತೇವೆ. ಕಲ್ಲು ತರುವ ಕೆಲಸ ನನ್ನದು. ಸುರಪುರದಲ್ಲಿ ಕಲ್ಲಿಗೇನು ಬರ? ಆದರೆ ಒಂದೋ ಮನೆಯಷ್ಟು ದೊಡ್ಡ ಬಂಡೆ, ಇಲ್ಲವೇ ಚಪ್ಪಲಿಯೊಳಗೆ ಸೇರುವ ಹರಳು. ಶಿವಲೀಲಾಳ ಚೀಲದಲ್ಲಿ ನೋಡಿದರೆ ತೆಂಗಿನಕಾಯಿ ಗಾತ್ರದ ಕಲ್ಲುಗಳು, ಸರಿಯಾಗಿ ಐದು! ಒಂದೊಂದರ ನೆತ್ತಿಯ ಮೇಲೂ ಕಪ್ಪು ಶಾಯಿಯ ಬಾಣ ಬೇರೆ. ಗುಡ್ಡದಿಂದ ಹೊತ್ತು ತಂದೆನೆಂದು ಹೆಂಡತಿ ಶರಣಮ್ಮನಿಗೆ ಹೇಳಿದೆ.

"ಅರ್ಜುನಂಗ ಬಾಣ ಸರಿ, ಭೀಮಗ್ಯಾಕ ಬಾಣ?" ಎಂದಳು.

"ತಮ್ಮನ ಕಡಿಂದ ಇಸ್ಕೊಂಡಾನ" ಎಂದೆ. ಅಷ್ಟು ಚಂದದ ಪೂಜೆಯನ್ನು ನಮ್ಮ ಹೊಲ ಎಂದೂ ಕಂಡಿರಲಿಲ್ಲ.

ಸಂಜೆ ಬಂದ ಶಿವಲೀಲಾ ಖಾಲಿ ಚೀಲ ನೋಡಿ ನೆಲಕ್ಕೆ ಕೂತಳು. ನಾನು ತಪ್ಪೊಪ್ಪಿಕೊಂಡೆ. "ಮಾಮಾ, ಅವು ಹಿಮಾಲಯದಾಗ ಹಿಮನದಿ ತಂದು ಹಾಕಿದ ಬಂಡೆಗಲ್ಲಿನ ತುಣುಕು. ನನ್ನ ಪಿಎಚ್.ಡಿ. ಪೂರಾ ಅವುಗಳ ಮ್ಯಾಲೇ ನಿಂತದ!" ಎಂದಳು. ಹಿಮ ಎಲ್ಲಿಯ ತನಕ ಬಂದಿತ್ತು, ಯಾವಾಗ ಹಿಂದೆ ಸರಿಯಿತು ಎಂದು ಆ ಕಲ್ಲುಗಳೇ ಹೇಳಬೇಕಂತೆ. ಹಿಮ ಸರಿದ ದಿನದಿಂದ ಬಂಡೆ ಆಕಾಶಕ್ಕೆ ಮೈಯೊಡ್ಡುತ್ತದೆ. ಬಾಹ್ಯಾಕಾಶದ ಕಿರಣಗಳು ಬಡಿದು ಬಡಿದು ಅದರೊಳಗೆ ಅಪರೂಪದ ಪರಮಾಣುಗಳು ಹುಟ್ಟುತ್ತವೆ. ಅವನ್ನು ಎಣಿಸಿದರೆ ಕಲ್ಲು ಎಷ್ಟು ಕಾಲದಿಂದ ಬಯಲಲ್ಲಿದೆ ಎಂದು ತಿಳಿಯುತ್ತದಂತೆ. ಬಾಣವೆಂದರೆ ಆಕಾಶ ನೋಡುತ್ತಿದ್ದ ಮುಖದ ಗುರುತು. ಸುಣ್ಣ ಆಸಿಡ್ಡಿನಲ್ಲಿ ಹೋಗುತ್ತದೆ, ಚಿಂತೆಯಿಲ್ಲ ಎಂದಾಗ ನನಗೆ ಕುಣಿಯುವಷ್ಟು ಖುಷಿಯಾಯಿತು. ಅಷ್ಟರಲ್ಲಿ ಅವಳು, "ನಾಳೆ ಒಯ್ದು ಪುಡಿ ಮಾಡ್ತೀನಿ" ಎಂದುಬಿಟ್ಟಳು.

ಶರಣಮ್ಮ ರೊಟ್ಟಿಬುಟ್ಟಿ ಕೆಳಗಿಟ್ಟಳು. "ಏನಂದಿ? ಪಾಂಡವರ್ನ ಪುಡಿ ಮಾಡ್ತಿ? ನನ್ನ ಕೈಯಾಗಿನ ನೈವೇದ್ಯ ಉಂಡಾರ ಅವರು. ನಾ ಕೊಡಂಗಿಲ್ಲ!"

"ಅತ್ತಿ, ಮತ್ತ ಆ ಎತ್ತರಕ್ಕ ಹತ್ತಿ ಹೋಗೋದು ನನ್ನ ಕೈಲೆ ಆಗಂಗಿಲ್ರಿ." ಹುಡುಗಿಯ ಕಣ್ಣು ತುಂಬಿದವು. ಆಮೇಲೆ ಮೂಗೊರೆಸಿಕೊಂಡು, "ಪೂರಾ ಕಲ್ಲು ಬ್ಯಾಡ ಅತ್ತಿ, ಆಕಾಶ ನೋಡಿದ ಮ್ಯಾಲಿನ ಭಾಗ ಆದ್ರ ಸಾಕು" ಎಂದಳು.

ಶರಣಮ್ಮ ತೀರ್ಪು ಕೊಟ್ಟಳು: "ಹಂಗಾದ್ರ ತಲಿ ನಿನಗ, ಪಾದ ನನಗ. ನಾ ಹೆಂಗೂ ಪಾದಕ್ಕ ಬೀಳಾಕಿ."

ಮರುದಿನ ಐವರನ್ನೂ ಹೊಲದಿಂದ ಕಲ್ಲು ಕೊಯ್ಯುವವನ ಬಳಿ ಹೊತ್ತೊಯ್ದು, ಅಡ್ಡಕ್ಕೆ ಕೊಯ್ಯಿಸಿ ತಂದೆ. "ದೇವರ್ನ ಕೊಯ್ಸಿದ ಪಾಪ ಯಾರ್ದು?" ಎಂದು ಶರಣಮ್ಮ ಕೇಳಿದ್ದೇ ತಡ, ಇಬ್ಬರೂ ನನ್ನತ್ತ ತಿರುಗಿದರು. ಒಬ್ಬ ಪಾಂಡವನಿಗೆ ಒಂದರಂತೆ ಐದು ಸೋಮವಾರ ಉಪವಾಸ ಬಿತ್ತು. ಹಿಮನದಿ ಯಾವಾಗ ಹಿಂದೆ ಸರಿಯಿತೆಂದು ಶಿವಲೀಲಾ ಇನ್ನೂ ಎಣಿಸುತ್ತಿದ್ದಾಳೆ. ನನ್ನ ಹೊಟ್ಟೆ ಹಿಂದೆ ಸರಿದದ್ದು ಮಾತ್ರ ನಾಲ್ಕನೆಯ ಸೋಮವಾರ ಎಂದು ಖಚಿತವಾಗಿ ಹೇಳಬಲ್ಲೆ. ಅಂದು ಬಸ್ ನಿಲ್ದಾಣದಲ್ಲಿ ಎಲ್ಲರ ಎದುರಿಗೇ ಧೋತರ ಜಾರಿತು.